ಪುಸ್ತಕದ ಗೀಜಗ, ಹೊಲದ ಗೀಜಗ

ಮಕ್ಕಳಿಗೆ ಸಚಿತ್ರ ವಿಜ್ಞಾನ ಪುಸ್ತಕ ಕೊಳ್ಳುವಾಗ ನೀವು ಮೊದಲು ಏನು ನೋಡುತ್ತೀರಿ? ಬಣ್ಣ, ಕಾಗದ, ಬೆಲೆ ನೋಡುವುದು ಸಹಜ. ಆದರೆ ಕಾಸಾರಶಿರಸಿ, ಉಮರ್ಗಾ, ಉದಗೀರದಂಥ ಕಡೆ ಅಂಗಡಿ, ಕಚೇರಿ, ಬಸ್‌ ಫಲಕ ಎಲ್ಲವೂ ಮರಾಠಿ. ಹಕ್ಕಿ, ಹುಳು, ಗಿಡಗಳ ಕನ್ನಡ ಹೆಸರು ಮಗುವಿಗೆ ಸಿಗುವುದು ಮನೆಯಲ್ಲಿ, ಇಲ್ಲವೇ ಪುಸ್ತಕದಲ್ಲಿ. ಹಾಗಾಗಿ ಒಂದು ತಪ್ಪು ಚಿತ್ರ ಇಲ್ಲಿ ದುಬಾರಿ.

ಗೀಜಗವನ್ನೇ ತೆಗೆದುಕೊಳ್ಳಿ. ಮರಾಠಿಯಲ್ಲಿ ಅದು ‘ಸುಗರಣ’, ಅಂದರೆ ಮನೆಗೆಲಸದಲ್ಲಿ ಜಾಣೆ. ಹೆಸರು ಕೇಳಿದ ಮಗು ಗೂಡು ಹೆಣೆಯುವುದು ಹೆಣ್ಣು ಎಂದುಕೊಳ್ಳುತ್ತದೆ. ನಿಜಕ್ಕೂ ಹೆಣೆಯುವುದು ಗಂಡು. ಮಳೆಗಾಲದಲ್ಲಿ ಅದರ ನೆತ್ತಿ ಹಳದಿಯಾಗುತ್ತದೆ. ಅರ್ಧ ಹೆಣೆದ ಗೂಡನ್ನು ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಗಂಡು ಕೆಲಸ ಮುಗಿಸುತ್ತದೆ. ನಿಮ್ಮ ಪುಸ್ತಕದಲ್ಲಿ ಹೆಣೆಯುವ ಹಕ್ಕಿಗೆ ಹಳದಿ ನೆತ್ತಿ ಇದೆಯೇ? ಗೂಡಿನ ಕೊಳವೆ ಬಾಯಿ ಕೆಳಮುಖವಾಗಿದೆಯೇ? ಇದ್ದರೆ ಚಿತ್ರಕಾರರು ಹಕ್ಕಿಯನ್ನು ಕಂಡೇ ಬಿಡಿಸಿದ್ದಾರೆ ಎನ್ನಬಹುದು.

ಕೊಳ್ಳುವ ಮುನ್ನ ಪರೀಕ್ಷಿಸಿ

* ಕಾಲು ಎಣಿಸಿ. ಬೆಳೆದ ಕೀಟಕ್ಕೆ 6 ಕಾಲು, ಆರೂ ದೇಹದ ನಡುಭಾಗದಲ್ಲಿ. ಜೇಡಕ್ಕೆ 8.
* ನವಿಲಿನ ಉದ್ದ ಗರಿ ಗಂಡಿಗೆ ಮಾತ್ರ.
* ಹಾವಿನ ಮುಂದೆ ಹಾಲಿನ ಬಟ್ಟಲಿದೆಯೇ? ಹಾಲು ಹಾವಿನ ಆಹಾರವಲ್ಲ.
* ಇರುವೆಯೂ ಆನೆಯೂ ಒಂದೇ ಅಳತೆಯಲ್ಲಿದ್ದರೆ, ನಿಜವಾದ ಗಾತ್ರ ಪಕ್ಕದಲ್ಲಿ ಬರೆದಿದೆಯೇ?
* ಚಳಿಗಾಲವೆಂದರೆ ಹಿಮ ಮಾತ್ರವೇ? ನಮ್ಮ ಎರೆಹೊಲದಲ್ಲಿ ಆಗ ಜೋಳ ನಿಂತಿರುತ್ತದೆ.
* ಊರ ಹೆಸರಿದೆಯೇ? ಎಕ್ಕೆಗೆ ಮರಾಠಿಯಲ್ಲಿ ‘ರುಯಿ’. ಅದರ ಎಲೆ ತಿಂದು ಬೆಳೆಯುವ ಪಟ್ಟೆ ಹುಳು ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಶಾಲೆಯ ಬೇಲಿಯಲ್ಲೇ ತೋರಿಸಬಹುದು.

ಕನ್ನಡಕ್ಕೆ ಈ ದಾರಿ ಹೊಸದಲ್ಲ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ತಂದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ವಿಗೆ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ತಾವೇ ಚಿತ್ರ ಬರೆದರು. ಅದು ದೊಡ್ಡ ಮಕ್ಕಳಿಗೆ. ಶಿಕ್ಷಕರು ಆಯ್ದು ಓದಿ ಹೇಳಬಹುದು. ಪುಸ್ತಕ ಸಿಗದ ಊರಿಗೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ನೆರವಾಗುತ್ತದೆ. 2015ರಲ್ಲಿ ಆರಂಭವಾದ ಈ ತಾಣದಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಕತೆಗಳಿವೆ; ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಅವಕ್ಕೂ ಇದೇ ಪರೀಕ್ಷೆ ಇರಲಿ.

ತಪ್ಪು ಕಂಡರೆ ಪುಸ್ತಕ ಮೂಲೆಗೆ ಹಾಕಬೇಡಿ. ಗಡಿ ಶಾಲೆಯ ಕಪಾಟಿನಲ್ಲಿ ಕನ್ನಡ ಪುಸ್ತಕವೇ ಕಡಿಮೆ. ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ. ಕಂಡದ್ದನ್ನು ಅದೇ ಪುಟದ ಅಂಚಿನಲ್ಲಿ, ಪೆನ್ಸಿಲ್‌ನಿಂದ, ಕನ್ನಡದಲ್ಲಿ ಅವರೇ ಬರೆಯಲಿ.