ಬಿಳಿ ಹಲ್ಲಿನ ಹಂಬಲ, ಪಿಂಗಾಣಿಯ ಹಟ

ತರೀಕೆರೆಯಂಥ ಅಡಿಕೆ ಸೀಮೆಯಲ್ಲಿ ಎಲೆ-ಅಡಿಕೆಯಿಂದ ಕೆಂಪಾದ ಹಲ್ಲು ಒಂದು ಕಾಲಕ್ಕೆ ನಾಚಿಕೆಯ ವಿಷಯವೇ ಆಗಿರಲಿಲ್ಲ. ಈಗ ಮದುವೆ, ಸಂದರ್ಶನಗಳಿಗೆ ಮುನ್ನ ಹಲ್ಲು ಬಿಳುಪಾಗಿಸಿಕೊಳ್ಳುವ ಹಂಬಲ ನಮ್ಮೂರಿನಲ್ಲೂ ಮೂಡಿದೆ. ಅದನ್ನು ನಾನು ಹಳಿಯಲಾರೆ. ಆದರೆ ಪಿಂಗಾಣಿಯ ಕ್ಯಾಪ್ ಹಾಕಿಸಿಕೊಂಡವರು ಒಂದು ಸಂಗತಿಯನ್ನು ಮೊದಲೇ ಅರಿತಿರಬೇಕು.

ಬಿಳುಪುಕಾರಕಗಳ ತಿರುಳು ಹೈಡ್ರೋಜನ್ ಪೆರಾಕ್ಸೈಡ್. ಮನೆಯಲ್ಲಿ ಬಳಸುವ ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಕೂಡ ವಿಭಜನೆಗೊಂಡು ಸುಮಾರು ಶೇ 3.5ರಷ್ಟು ಇದನ್ನೇ ಕೊಡುತ್ತದೆ. ಅದು ಸಹಜ ಹಲ್ಲಿನೊಳಗೆ ಇಳಿದು ಬಣ್ಣದ ಅಣುಗಳನ್ನು ಒಡೆಯುತ್ತದೆ. ಕುಲುಮೆಯಲ್ಲಿ ಬೆಂದ ಪಿಂಗಾಣಿ ಮಾತ್ರ ಬೆಳ್ಳಗಾಗದು. ಸುತ್ತಲ ಹಲ್ಲುಗಳು ಬೆಳಗಿದಾಗ ಹಳೆಯ ಕ್ಯಾಪ್ ಹಳದಿಯಾಗಿ ಎದ್ದು ಕಾಣುತ್ತದೆ. ಆಗ ಅದನ್ನು ಕತ್ತರಿಸಿ ತೆಗೆದು ಹೊಸದಕ್ಕೆ ಮತ್ತೆ ಹಣ ತೆರಬೇಕಾದೀತು. ಸಾಲದ್ದಕ್ಕೆ, ಈ ರಾಸಾಯನಿಕದಿಂದ ಪಿಂಗಾಣಿಯ ಹೊಳಪಿನ ಮೇಲ್ಮೈ ಒರಟಾಗಬಹುದೆಂದು ಕೆಲವು ಪ್ರಯೋಗಾಲಯ ಅಧ್ಯಯನಗಳು ಹೇಳಿವೆ. ಮತ್ತೆ ಕೆಲವು ಒಪ್ಪಿಲ್ಲ. ಒರಟಾದ ಮೇಲ್ಮೈಯಾದರೋ ಕಲೆಗಳಿಗೆ ತವರು.

ಹೀಗಾಗಿ ಎರಡೂ ಬೇಕೆನ್ನುವವರಿಗೆ ಬಿಳುಪು ಮೊದಲು, ಕ್ಯಾಪ್ ಅನಂತರ. ಬಣ್ಣ ನೆಲೆನಿಲ್ಲಲು, ಅಂಟು ಗಟ್ಟಿಯಾಗಿ ಹಿಡಿಯಲು ನಡುವೆ ಎರಡು ವಾರವಾದರೂ ಬಿಡುವಿರಲಿ. ಈಗಾಗಲೇ ಕ್ಯಾಪ್ ಇದ್ದವರು ಅಂಗಡಿಯ ಜೆಲ್‌ಗೆ ಕೈಚಾಚುವ ಮುನ್ನ ದಂತವೈದ್ಯರಿಗೆ ಬಾಯಿ ತೋರಿಸುವುದು ಲೇಸು. ಎಲೆ-ಅಡಿಕೆ ಬಿಡದೆ ಬಿಳುಪನ್ನು ಕೊಳ್ಳುವುದಂತೂ ತೂತು ಕೊಡಕ್ಕೆ ನೀರು ತುಂಬಿದಂತೆ.