‘ನೋಡುವ’ ಎಂದು ಹೋದ ಗಿರಾಕಿ

ವಿಚಾರಿಸಲು ಬಂದವರೆಲ್ಲ ಗಿರಾಕಿಗಳಾಗುವುದಿಲ್ಲ. ಮೊದಲ ಫೋನ್ ಕರೆ ಬಂದಲ್ಲಿಂದ ಮುಂಗಡದ ಹಣ ಕೈಸೇರುವ ತನಕ ಒಂದು ನಡುಗಾಲ ಇರುತ್ತದೆ. ಸಣ್ಣ ಉದ್ದಿಮೆದಾರರ ದಿನದ ದೊಡ್ಡ ಪಾಲನ್ನು ನುಂಗುವುದು ಈ ನಡುಗಾಲವೇ. ಉಡುಪಿಯ ರಥಬೀದಿಯ ಆಸುಪಾಸಿನ ಅಂಗಡಿಯವರು, ಮಣಿಪಾಲದ ಟೈಗರ್ ಸರ್ಕಲ್ ಸುತ್ತಲಿನ ಜೆರಾಕ್ಸ್ ಮತ್ತು ಪ್ರಿಂಟಿಂಗ್‌ನವರು, ಕಾಪುವಿನ ಕಡಲ ಬದಿಯಲ್ಲಿ ಹೋಂಸ್ಟೇ ನಡೆಸುವವರು, ಕಾರ್ಕಳದ ಕಲ್ಲುಕೆಲಸದವರು, ಊರೂರಿನ ಶಾಮಿಯಾನ, ಅಡುಗೆ, ಫೋಟೊ, ಹೊಲಿಗೆಯವರು ಇವರೆಲ್ಲರ ಸಂಕಟ ಇಲ್ಲಿ ಒಂದೇ. ದರ ಕೇಳಿದವರಿಗೆ ಕೂತು ಲೆಕ್ಕ ಹಾಕಿ ಹೇಳಬೇಕು, ಮಾದರಿ ತೋರಿಸಬೇಕು, ರಾತ್ರಿ ಹತ್ತೂವರೆಗೆ ಬಂದ ವಾಟ್ಸಾಪ್ ಸಂದೇಶಕ್ಕೂ ಉತ್ತರಿಸಬೇಕು. ಈ ಹೊತ್ತಿಗೆ ಯಾವ ಬಿಲ್ಲಿನಲ್ಲೂ ಲೆಕ್ಕವಿಲ್ಲ.

ದೊಡ್ಡ ಕಂಪನಿಯಾದರೆ ಇದಕ್ಕೆಂದೇ ಬೇರೆ ಸಿಬ್ಬಂದಿ ಇರುತ್ತಾರೆ. ಸಣ್ಣ ಅಂಗಡಿಯಲ್ಲಿ ಮಾಲು ತರಿಸುವವರು, ಕೆಲಸ ಮಾಡುವವರು, ಬೈಗುಳ ಕೇಳುವವರು ಒಬ್ಬರೇ. ಊರು ಸಣ್ಣದು ಎಂಬ ಇನ್ನೊಂದು ತೊಡಕೂ ಇದೆ. ಬೆಳಿಗ್ಗೆ ದರಕ್ಕಾಗಿ ಜಗಳ ಕಾದವರು ಸಂಜೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿರುತ್ತಾರೆ. ಬೆಂಗಳೂರಿನಂಥ ನಗರದಲ್ಲಿ ಒಬ್ಬ ಗಿರಾಕಿ ಮುನಿಸಿಕೊಂಡರೆ ಆ ಒಬ್ಬರು ಮಾತ್ರ ಹೋದಾರು. ಕಾರ್ಕಳದ ಪೇಟೆಯಲ್ಲಿ ಅವರ ಹಿಂದೆ ನಾಲ್ಕು ಮನೆಗಳು ಹೋಗುತ್ತವೆ. ಹಾಗೆಂದು ಎಲ್ಲದಕ್ಕೂ ಒಪ್ಪುತ್ತ ಹೋದರೆ ಅಂಗಡಿಯೇ ಉಳಿಯುವುದಿಲ್ಲ.

ಕರಾವಳಿಯ ವ್ಯಾಪಾರದಲ್ಲಿ ಹೆಚ್ಚು ತ್ರಾಸ ಕೊಡುವವರು ಸಿಟ್ಟಿನವರೇ ಎಂದೇನಿಲ್ಲ. ಬಹಳ ಸಲ ಅವರು ನಯವಾಗಿಯೇ ಮಾತಾಡುತ್ತಾರೆ. ಎಲ್ಲ ವಿವರ ಕೇಳಿಸಿಕೊಂಡು ‘ನೋಡುವ’ ಎನ್ನುತ್ತಾರೆ, ತುಳುವಿನಲ್ಲಾದರೆ ‘ತೂಕ’. ಇದರ ಅರ್ಥ ಹೌದೆಂದೂ ಆಗಬಹುದು, ಬೇಡವೆಂದೂ ಆಗಬಹುದು. ಎದುರೆದುರೇ ಬೇಡ ಎನ್ನುವುದು ಇಲ್ಲಿ ಒರಟುತನ ಅನ್ನಿಸುತ್ತದೆ. ಹಾಗಾಗಿ ದರ ಜಾಸ್ತಿಯಾಯಿತು ಎಂದು ಬಾಯಿಬಿಟ್ಟು ಹೇಳಲಾರದವರು ‘ನೋಡುವ’ ಎಂದು ಹೊರಟು, ಆಮೇಲೆ ಫೋನ್ ಎತ್ತುವುದಿಲ್ಲ. ಇತ್ತ ಅಡುಗೆಯವರು ಆ ದಿನಾಂಕವನ್ನು ಅವರಿಗೆಂದೇ ಖಾಲಿ ಇಟ್ಟು ಬೇರೆ ಎರಡು ಮದುವೆಗಳನ್ನು ಬಿಟ್ಟುಕೊಟ್ಟಿರುತ್ತಾರೆ.

ಮದ್ದು ಸರಳವಾಗಿದೆ: ‘ನೋಡುವ’ ಎಂಬುದಕ್ಕೆ ಒಂದು ದಿನಾಂಕ ಕಟ್ಟಬೇಕು. ‘ಶನಿವಾರ ಸಂಜೆಯ ತನಕ ಆ ದಿನ ನಿಮಗೇ ಇಟ್ಟಿರುತ್ತೇನೆ, ಮತ್ತೆ ಬೇರೆಯವರು ಕೇಳಿದರೆ ಕೊಡಬೇಕಾಗುತ್ತದೆ’ ಎಂಬ ಮಾತಿನಲ್ಲಿ ಒತ್ತಾಯವಿಲ್ಲ, ಬೇಸರವೂ ಇಲ್ಲ. ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದರೆ ಮುಂದೆ ಮಾತು ಬೆಳೆಯುವುದಿಲ್ಲ. ಶನಿವಾರ ಬೆಳಿಗ್ಗೆ ಒಂದು ಸಲ ನೆನಪಿಸಿದರೆ ಸಾಕು. ಎರಡನೆಯ, ಮೂರನೆಯ ಸಲ ಬೆನ್ನು ಬಿದ್ದರೆ ಇವರಿಗೆ ಬೇರೆ ಕೆಲಸವಿಲ್ಲ ಎಂಬ ಭಾವನೆ ಬಂದು, ಗಿರಾಕಿ ಮರಳಿ ಬಂದರೂ ದರ ಇಳಿಸಿಯೇ ಕೇಳುತ್ತಾರೆ.

ದರದ ತಕರಾರು ಇವೆಲ್ಲಕ್ಕಿಂತ ಹಳೆಯದು. ಇದಕ್ಕೆ ಉತ್ತರ ಉಡುಪಿ ಜಿಲ್ಲೆಯ ಕಸುಬುಗಳಲ್ಲೇ ಇದೆ. ಶಂಕರಪುರ ಮಲ್ಲಿಗೆಯನ್ನು ತೆಗೆದುಕೊಳ್ಳಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನವೂ ನಿಗದಿಯಾಗುತ್ತದೆ. ಹೂವಿನ ಆವಕ ಮತ್ತು ಬೇಡಿಕೆ ನೋಡಿಕೊಂಡು ಏರುತ್ತದೆ, ಇಳಿಯುತ್ತದೆ. ಉಡುಪಿಯಲ್ಲಿ ಹೂ ಮಾರುವ ಹೆಂಗಸಿಗೆ ಯಾರಾದರೂ ತುಳುವಿನಲ್ಲಿ ‘ಒಂತೆ ಕಮ್ಮಿ ಮಲ್ಪುಲೆ’ (ಸ್ವಲ್ಪ ಕಡಿಮೆ ಮಾಡಿ) ಎಂದಾಗ ಅವಳು ‘ಇವತ್ತಿನ ರೇಟು ಇಷ್ಟು’ ಎಂದರೆ ಮುಗಿಯಿತು. ದರ ಅವಳ ಆಸೆಯಿಂದ ಹುಟ್ಟಿದ್ದಲ್ಲವೆಂದು ಕೇಳಿದವರಿಗೂ ಗೊತ್ತು. ಹಾಗಾಗಿ ಆ ಮಾತಿನಲ್ಲಿ ಯಾರಿಗೂ ಅವಮಾನವಾಗುವುದಿಲ್ಲ. ತನ್ನ ದರವನ್ನು ಹೀಗೆ ತನ್ನಿಂದ ಹೊರಗೆ ಇಡುವುದನ್ನು ಪ್ರತಿ ಸಣ್ಣ ವ್ಯಾಪಾರಿಯೂ ಕಲಿಯಬೇಕು. ಗೋಡೆಯ ಮೇಲೆ ದರಪಟ್ಟಿ ತೂಗುಹಾಕಿದ ಟೈಲರ್, ಪುಟಕ್ಕೆ ಇಷ್ಟು ಎಂದು ಬರೆದಿಟ್ಟ ಪ್ರಿಂಟಿಂಗ್ ಅಂಗಡಿ, ತಲೆಗೆ ಇಷ್ಟು ಎಂದು ಮೊದಲೇ ಅಚ್ಚು ಹಾಕಿಸಿದ ಅಡುಗೆಯವರು ವಾದಕ್ಕೆ ಸಿಕ್ಕಿಬೀಳುವುದು ಕಡಿಮೆ. ಮುಖ ನೋಡಿ ದರ ಹೇಳುವ ಕಡೆ ಚೌಕಾಸಿ ತಾನಾಗಿ ಹುಟ್ಟುತ್ತದೆ. ಅದಕ್ಕೆ ಗಿರಾಕಿಯನ್ನು ದೂರುವುದು ನ್ಯಾಯವಲ್ಲ.

‘ಅಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ’ ಎಂಬುದು ಎರಡನೆಯ ವಾದ. ಇದನ್ನು ಹೆಚ್ಚು ಕೇಳಿದವರು ಕಾಪು ತಾಲೂಕಿನ ಮಟ್ಟು ಊರಿನ ಗುಳ್ಳ ಬದನೆಯ ಬೆಳೆಗಾರರು. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. ಆದರೆ ಅದೇ ಬಣ್ಣ, ಅದೇ ಆಕಾರದ ಬೇರೆ ಬದನೆ ಅದೇ ಹೆಸರಿನಲ್ಲಿ ಪೇಟೆಗೆ ಬರುವುದು ನಿಲ್ಲಲಿಲ್ಲ. ಬೆಳೆಗಾರರ ಸಂಘ ಕಾಯಿಗೆ ಸ್ಟಿಕ್ಕರ್ ಅಂಟಿಸಿ ಮಾರುವ ದಾರಿ ಹಿಡಿಯಿತು. ಎದುರಿನವರು ಹೇಳಿದ ಅಗ್ಗದ ವಸ್ತುವನ್ನು ಹಳಿಯುವುದರ ಬದಲು ತನ್ನದರಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುವಂತೆ ಇಡುವ ಕ್ರಮ ಇದು.

ಉಡುಪಿ ಸೀರೆಯ ಕಥೆಯೂ ಇದಕ್ಕೆ ಹತ್ತಿರ. 2016ರಲ್ಲಿ ಭೌಗೋಳಿಕ ಸೂಚಿ ಸಿಕ್ಕಾಗ ಆ ಸೀರೆಯನ್ನು ನೇಯುವ ಕೈಗಳು ಬಹಳ ಕಡಿಮೆಯಾಗಿದ್ದವು. ನೇಕಾರರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿತ್ತು. ಮಕ್ಕಳು ಮಗ್ಗಕ್ಕೆ ಕೂರಲಿಲ್ಲ. ಮಿಲ್ ಸೀರೆಯ ದರ ಹೇಳಿ ಕೈಮಗ್ಗದ ಸೀರೆಯನ್ನು ಇಳಿಸಿ ಕೇಳುವ ಗಿರಾಕಿಯ ಮುಂದೆ ನೇಕಾರ ಸೋಲುತ್ತ ಬಂದುದೂ ಇದಕ್ಕೆ ಒಂದು ಕಾರಣ. ಕಾರ್ಕಳದ ಕದಿಕೆ ಟ್ರಸ್ಟ್ 2018ರಿಂದ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ ಈ ಸೀರೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟಾಗ, ಸೀರೆಯೊಂದಿಗೆ ನೇಯ್ದವರ ಹೆಸರು, ಚಿತ್ರವೂ ಗಿರಾಕಿಯ ಕೈ ಸೇರುವಂತಾಯಿತು. ನೂಲು ಹುರಿ ಮಾಡುವುದು, ಗಂಜಿ ಹಾಕುವುದು, ಹಾಸು ಹೊಯ್ಯುವುದು ಎಂದು ಕೆಲಸವನ್ನು ಬಿಡಿಸಿ ಹೇಳಿದಾಗ ‘ಇಷ್ಟೊಂದಾ?’ ಎಂದು ಕೇಳಿದವರಿಗೇ ದರ ಸಹಜ ಅನ್ನಿಸತೊಡಗುತ್ತದೆ. ಅನ್ನಿಸದಿದ್ದರೆ ಅವರು ಕೈಮಗ್ಗದ ಗಿರಾಕಿಗಳಲ್ಲ. ಅವರನ್ನು ನಗುಮುಖದಿಂದಲೇ ಕಳಿಸಿಕೊಡಬೇಕು.

ನಿಜಕ್ಕೂ ಕೈಯಲ್ಲಿ ಅಷ್ಟು ಹಣವಿಲ್ಲದ ಗಿರಾಕಿಯನ್ನು ಕಾಣುವ ರೀತಿ ಬೇರೆ. ಅದಕ್ಕೂ ಇಲ್ಲಿಯೇ ಒಂದು ಹಳೆಯ ಮಾದರಿಯಿದೆ. ಉಡುಪಿಯಲ್ಲಿ 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. ಸೋತಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಮೊದಲ ಉದ್ದೇಶಗಳಲ್ಲೊಂದು. ಬ್ಯಾಂಕಿಗೆ ಹಾಕುವಷ್ಟು ದುಡ್ಡು ತಮ್ಮಲ್ಲೆಲ್ಲಿದೆ ಎನ್ನುವ ಜನರೇ ಸುತ್ತ ಇದ್ದರು. 1928ರಲ್ಲಿ ಅವರಿಗಾಗಿ ಪಿಗ್ಮಿ ಠೇವಣಿ ಬಂತು: ದಿನಕ್ಕೆ ಎರಡಾಣೆ, ಅದನ್ನೂ ಏಜೆಂಟರು ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಇಂದಿಗೂ ಪೇಟೆಯಲ್ಲಿ ಓಡಾಡುತ್ತಿದೆ. ಗಿರಾಕಿಯ ಕೈಗೆ ಎಟುಕುವಂತೆ ಗಾತ್ರವನ್ನು ಕಿರಿದು ಮಾಡಿದ ಯೋಜನೆ ಅದು. ಇಂದಿನ ಅಡುಗೆಯವರಿಗೂ ಇದು ಹೊಂದುತ್ತದೆ. ತಲೆಗೆ ಹೇಳಿದ ದರವನ್ನು ಇಳಿಸಿದರೆ ಅದೇ ಊಟ ನಾಳೆ ಎಲ್ಲರಿಗೂ ಆ ದರಕ್ಕೆ ಹೋಗಬೇಕಾಗುತ್ತದೆ. ಎರಡು ಬಗೆ ಸಿಹಿಯ ಬದಲು ಒಂದು ಎಂದರೆ ದರ ಇಳಿದದ್ದಕ್ಕೆ ಕಾರಣ ಎಲೆಯ ಮೇಲೇ ಕಾಣುತ್ತದೆ.

ನಂಟಿನವರ ವಿಷಯ ಸೂಕ್ಷ್ಮ. ‘ನಿಮ್ಮ ಮಾವ, ನಮ್ಮ ಅಪ್ಪ ಒಟ್ಟಿಗೆ ಶಾಲೆಗೆ ಹೋದವರು’ ಎಂದು ಶುರುವಾಗುವ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಅಂಗಡಿಯವರಿಗೆ ಗೊತ್ತು. ಇಂಥವರಿಗೆ ಏನೂ ಬಿಡುವುದಿಲ್ಲ ಎನ್ನುವುದು ಈ ಊರಿನಲ್ಲಿ ನಡೆಯುವ ಮಾತಲ್ಲ. ಎಷ್ಟು ಬಿಡಬಹುದು ಎಂದು ಮೊದಲೇ ನಿರ್ಧರಿಸಿ, ಬಿಲ್ಲಿನಲ್ಲಿ ಪೂರ್ತಿ ದರ ಬರೆದು, ಅದರ ಕೆಳಗೆ ರಿಯಾಯಿತಿ ಎಂದು ಬೇರೆಯೇ ಸಾಲಿನಲ್ಲಿ ಕಳೆಯಬೇಕು. ಆಗ ನಂಟಿಗೆ ಬೆಲೆ ಕೊಟ್ಟಂತೆಯೂ ಆಗುತ್ತದೆ, ಅವರು ನಾಲ್ಕು ಜನರಿಗೆ ಹೇಳುವ ದರ ಪೂರ್ತಿ ದರವೇ ಆಗಿರುತ್ತದೆ. ಕಡದ ಮಾತೂ ಹೀಗೆಯೇ: ಯಾರಿಗೆ, ಎಷ್ಟು, ಯಾವ ದಿನದ ತನಕ ಎಂಬುದು ಪುಸ್ತಕದಲ್ಲಿ ಬರೆದಿರಬೇಕು. ಮೊದಲ ವ್ಯವಹಾರದಲ್ಲೇ ಕಡ ಕೇಳುವವರಿಗೆ ಕೊಡದಿರುವುದೇ ಒಳ್ಳೆಯದು.

ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವವರ ಹಾವಳಿ ಇತ್ತೀಚೆಗೆ ಹೆಚ್ಚಿದೆ. ಮನೆಯ ನಕ್ಷೆ, ಆಮಂತ್ರಣದ ವಿನ್ಯಾಸ, ಮಂಟಪದ ಅಲಂಕಾರದ ಚಿತ್ರ ಎಲ್ಲವನ್ನೂ ತರಿಸಿಕೊಂಡು, ಅದನ್ನೇ ಬೇರೆಯವರಿಗೆ ತೋರಿಸಿ ಅಗ್ಗಕ್ಕೆ ಮಾಡಿಸಿಕೊಳ್ಳುತ್ತಾರೆ. 1432ರ ಗೊಮ್ಮಟ ನಿಂತಿರುವ, ಧರ್ಮಸ್ಥಳದ ಬಾಹುಬಲಿಯನ್ನು ಕಡೆದ ರೆಂಜಾಳ ಗೋಪಾಲ ಶೆಣೈ ಅವರ ಊರಾದ ಕಾರ್ಕಳದಲ್ಲಿ ಗೆರೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿಲ್ಪದಲ್ಲಿ ಉಳಿಗಿಂತ ಮೊದಲು ಗೆರೆ ಬರುತ್ತದೆ, ಆ ಗೆರೆಯೇ ಅರ್ಧ ವಿದ್ಯೆ. ಒಮ್ಮೆ ಉಳಿ ಬಿದ್ದ ಕಲ್ಲನ್ನು ಇನ್ನೊಬ್ಬರ ಅಳತೆಗೆ ತರಲಾಗದು. ಹೆಸರು ಅಚ್ಚಾದ ಆಮಂತ್ರಣ, ಒಬ್ಬರ ಮೈಗೆ ಕತ್ತರಿಸಿದ ಬಟ್ಟೆಯೂ ಅಂಥದ್ದೇ. ಹಳೆಯ ಕೆಲಸಗಳ ಚಿತ್ರವನ್ನು ಎಷ್ಟು ಬೇಕಾದರೂ ತೋರಿಸಬಹುದು. ಹೊಸ ಗೆರೆ ಎಳೆಯುವ ಮೊದಲು ಸಣ್ಣದೊಂದು ಶುಲ್ಕ ಪಡೆದು, ಆರ್ಡರ್ ಆದರೆ ಅದನ್ನು ಒಟ್ಟು ಮೊತ್ತದಲ್ಲಿ ಕಳೆಯುತ್ತೇವೆ ಎಂದು ತಿಳಿಸಬೇಕು. ನಿಜವಾಗಿ ಕೆಲಸ ಬೇಕಾದವರು ಇದಕ್ಕೆ ತಕರಾರು ಮಾಡುವುದಿಲ್ಲ. ಮುಂಗಡದಲ್ಲೂ ರದ್ದಾದರೆ ಎಷ್ಟು ವಾಪಸ್, ಎಷ್ಟು ಇಲ್ಲ ಎಂದು ಬರೆದೇ ಕೊಡಬೇಕು. ಆದ ನಷ್ಟಕ್ಕೆ ತಕ್ಕಷ್ಟನ್ನು ಮಾತ್ರ ಹಿಡಿದಿಟ್ಟುಕೊಳ್ಳುವುದು ನ್ಯಾಯ. 1872ರ ಕರಾರು ಕಾಯ್ದೆಯ 74ನೇ ಕಲಮೂ ಸಮಂಜಸವಾದ ಪರಿಹಾರದ ಮಾತನ್ನೇ ಆಡುತ್ತದೆ.

ಸಿಟ್ಟಿನವರನ್ನು ಸಂಭಾಳಿಸುವಾಗ ಭಾಷೆಯ ಕಡೆಗೆ ಗಮನವಿರಬೇಕು. ಮಣಿಪಾಲದಲ್ಲಿ ಒಂದೇ ಗಂಟೆಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಹಿಂದಿ, ಮಲಯಾಳ, ಇಂಗ್ಲಿಷ್ ಮಾತಾಡುವವರು ಅಂಗಡಿಗೆ ಬರುತ್ತಾರೆ. ದೂರದ ರಾಜ್ಯದಿಂದ ಬಂದ ಹುಡುಗನ ಹಿಂದಿ ಬಿರುಸಾಗಿ ಕೇಳಿಸಿದ ಮಾತ್ರಕ್ಕೆ ಅವನು ಬೈಯುತ್ತಿದ್ದಾನೆಂದು ತಿಳಿಯಬಾರದು. ಅಂಗಡಿಯವರು ಏಕವಚನಕ್ಕೆ ಇಳಿಯದಿರುವುದೇ ದೊಡ್ಡ ರಕ್ಷಣೆ. ಎದುರಿನವರು ‘ನೀನು’ ಎಂದರೂ ಉತ್ತರ ‘ನೀವು’ ಎಂದೇ ಇದ್ದರೆ, ತುಳುವಿನಲ್ಲಿ ‘ಈ’ ಎಂದವರಿಗೆ ‘ಈರ್’ ಎಂದೇ ಮರುನುಡಿ ಹೋದರೆ ಜಗಳಕ್ಕೆ ಹಿಡಿ ಸಿಗುವುದಿಲ್ಲ. ಗೂಗಲ್‌ನಲ್ಲಿ ಕೆಟ್ಟದಾಗಿ ಬರೆಯುತ್ತೇವೆ ಎಂದು ಹೆದರಿಸುವವರಿಗೆ ಮಣಿದು ದರ ಇಳಿಸಬಾರದು. ಬರೆದರೆ ಒಂದೇ ಸಲ, ಮೂರು ಸಾಲಿನಲ್ಲಿ, ನಡೆದದ್ದನ್ನಷ್ಟೇ ಹೇಳುವ ಉತ್ತರ ಹಾಕಬೇಕು. ಅದನ್ನು ಓದುವುದು ಬೈದವರಿಗಿಂತ ಹೆಚ್ಚಾಗಿ ಮುಂದೆ ಬರಲಿರುವ ಗಿರಾಕಿಗಳು.

ಬಿಲ್ಲು ಬೇಡ, ದರ ಕಡಿಮೆ ಮಾಡಿ ಎನ್ನುವವರಿದ್ದಾರೆ. ಬಿಲ್ ಇಲ್ಲದ ವ್ಯವಹಾರದಲ್ಲಿ ನಾಳೆ ತಕರಾರು ಬಂದರೆ ಅಂಗಡಿಯವರ ಕೈಯಲ್ಲೂ ದಾಖಲೆ ಇರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಸಂಸ್ಥೆಗಳಿಗೆ ಮಾಲು ಅಥವಾ ಸೇವೆ ಒದಗಿಸುವ ಸಣ್ಣ ಉದ್ದಿಮೆಯವರು ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಮೇಲು. 2006ರ ಎಂಎಸ್‌ಎಂಇ ಕಾಯ್ದೆ ಸೂಕ್ಷ್ಮ, ಸಣ್ಣ ಉದ್ದಿಮೆಗಳ ಹಣ ಪಾವತಿಗೆ ಹೆಚ್ಚೆಂದರೆ 45 ದಿನದ ಗಡುವು ಹಾಕಿದೆ. ಆರ್ಡರ್ ಹಿಡಿಯುವ ಮೊದಲೇ ಇದನ್ನು ತಿಳಿಸಿದರೆ ಆಮೇಲೆ ಅಲೆಯುವುದು ತಪ್ಪುತ್ತದೆ.

ವಂಚಕರನ್ನು ಕಷ್ಟದ ಗಿರಾಕಿಗಳ ಸಾಲಿಗೆ ಸೇರಿಸಬಾರದು; ಅವರು ಗಿರಾಕಿಗಳೇ ಅಲ್ಲ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು ಫೋನಿನಲ್ಲೇ ದೊಡ್ಡ ಆರ್ಡರ್ ಕೊಟ್ಟು, ಚೌಕಾಸಿಯನ್ನೇ ಮಾಡದೆ, ಮುಂಗಡ ಕಳಿಸುತ್ತೇನೆಂದು ಕ್ಯೂಆರ್ ಕೋಡ್ ಕಳಿಸುವ ವಂಚನೆ ದೇಶದ ಉದ್ದಗಲಕ್ಕೆ ನಡೆದಿದೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತದೆ ಎಂದೇ ಅರ್ಥ. ಕಳಿಸಿದ ಸ್ಕ್ರೀನ್‌ಶಾಟ್ ನಂಬದೆ ಬ್ಯಾಂಕ್ ಖಾತೆಯಲ್ಲೇ ನೋಡಬೇಕು. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಎಲ್ಲ ದಾರಿ ಮುಗಿದ ಮೇಲೆ ಬೇಡ ಎನ್ನುವ ಹಕ್ಕು ಉದ್ದಿಮೆದಾರರಿಗಿದೆ. ಕರಾರಿನ ಕಾನೂನಿನ ಪ್ರಕಾರ ಅಂಗಡಿಯಲ್ಲಿ ಸಾಮಾನು ಜೋಡಿಸಿಡುವುದು ಕೊಳ್ಳಲು ನೀಡುವ ಆಹ್ವಾನವಷ್ಟೇ, ಒಪ್ಪಂದವಲ್ಲ. ಆದರೆ ಈ ಹಕ್ಕಿಗೆ ಗಟ್ಟಿಯಾದ ಗಡಿಯಿದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಅಂಗಡಿ, ಹೋಟೆಲುಗಳಿಗೆ ಪ್ರವೇಶ ತಡೆಯಬಾರದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ವಸ್ತು ಮಾರಲು ಅಥವಾ ಸೇವೆ ನೀಡಲು ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಶಿಕ್ಷಾರ್ಹ ಅಪರಾಧ. ಇಲ್ಲ ಎನ್ನುವುದು ನಡೆದ ವ್ಯವಹಾರಕ್ಕೆ ಮಾತ್ರ ಇರಬೇಕು, ಮನುಷ್ಯನ ಹುಟ್ಟಿಗೆ ಎಂದೂ ಇರಬಾರದು. ‘ನೀವು ಕೇಳುವ ದರಕ್ಕೆ, ನೀವು ಹೇಳುವ ದಿನಕ್ಕೆ ಈ ಕೆಲಸ ನಮ್ಮಿಂದ ಚಂದವಾಗಿ ಆಗಲಿಕ್ಕಿಲ್ಲ’ ಎಂದು ಹೇಳಿ, ಆ ಕೆಲಸ ಮಾಡಬಲ್ಲ ಇನ್ನೊಬ್ಬರ ನಂಬರು ಕೊಟ್ಟರೆ ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ. ಮುಂದಿನ ವರ್ಷ ಮಗಳ ಮದುವೆಗೆ ಅವರೇ ಬರಲೂಬಹುದು.

ಇಲ್ಲ ಎನ್ನಲು ಅತ್ಯಂತ ಕಷ್ಟವಾಗುವುದು ಕೈಯಲ್ಲಿ ಕೆಲಸವಿಲ್ಲದಾಗ. ಏಪ್ರಿಲ್, ಮೇ ತಿಂಗಳಲ್ಲಿ ಮುಂಬೈ, ಗಲ್ಫ್‌ನಿಂದ ಜನ ಊರಿಗೆ ಬಂದು ಮದುವೆ, ಗೃಹಪ್ರವೇಶ ಮುಗಿಸುವ ತನಕ ಪುರುಸೊತ್ತಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಆಟಿ ತಿಂಗಳು. ತುಳುವರಲ್ಲಿ ಮದುವೆಗಳಿಲ್ಲ, ಮಳೆ ಬಿಡುವುದಿಲ್ಲ, ಫೋನೂ ರಿಂಗಾಗುವುದಿಲ್ಲ. ಆಗ ಬಂದ ಎಂಥ ವಿಚಾರಣೆಗೂ ಒಪ್ಪಿಬಿಡುವ ಮನಸ್ಸಾಗುತ್ತದೆ. ಹೀಗೆ ಒಪ್ಪಿಕೊಂಡ ಕೆಲಸವೇ ಮುಂದಿನ ಸೋಣ ತಿಂಗಳು ದಾಟಿದ ಮೇಲೆ ಒಳ್ಳೆಯ ಆರ್ಡರಿಗೆ ಅಡ್ಡ ಬರುತ್ತದೆ. ಆಟಿಯ ಬಿಡುವಿನಲ್ಲಿ ಸಣ್ಣ ಉದ್ದಿಮೆದಾರರು ಕೂತು ಮಾಡಬೇಕಾದ ಕೆಲಸ ಬೇರೆಯೇ ಇದೆ: ದರಪಟ್ಟಿ, ಕೊಟೇಶನ್ನಿನ ನಮೂನೆ, ಮುಂಗಡದ ನಿಯಮ ಮೂರನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಅಚ್ಚು ಹಾಕಿಸಿ, ಕೌಂಟರಿನ ಮೇಲೆ ಇಡುವುದು.