ಒಂದು ಕಾಲು ಬಿಸಿ, ಒಂದು ಕಾಲು ತಂಪು: ಎಣ್ಣೆ ತಿಕ್ಕುವ ಮುನ್ನ

ಕೆಲವು ತಿಂಗಳ ಹಿಂದೆ ಕಮರಿಪೇಟೆಯ ನಮ್ಮ ಚಿಕಿತ್ಸಾಲಯಕ್ಕೆ ಐವತ್ತರ ಆಸುಪಾಸಿನ ಸದ್ಭಕ್ತರೊಬ್ಬರು ಬಂದರು. ಟೊಂಕದ ಶಸ್ತ್ರಚಿಕಿತ್ಸೆಯಾಗಿ ಮೂರು ವಾರ ಕಳೆದಿತ್ತು. “ಡಾಕ್ಟರ್ರ, ಬಲಗಾಲು ತಣ್ಣಗಾಗೇತ್ರಿ. ಎಣ್ಣಿ ಹಚ್ಚಿ ತಿಕ್ಕಿಸ್ರಿ” ಎಂದರು. ಶೀತವು ವಾತದ ಗುಣ; ನಮ್ಮ ಕೈಯೂ ಮಹಾನಾರಾಯಣ ತೈಲದತ್ತಲೇ ಚಾಚಿತು. ಆದರೆ ಹೊಲಿಗೆಯ ಗುರುತು ಬೆನ್ನಿನ ಮೇಲಿರಲಿಲ್ಲ. ಹೊಕ್ಕುಳ ಕೆಳಗೆ, ಎಡಬದಿಗಿತ್ತು. ತೈಲವನ್ನು ಕೆಳಗಿಟ್ಟೆವು.

ಕೆಳಬೆನ್ನಿನ ಮೂಳೆಯನ್ನು ಹೊಟ್ಟೆಯ ಕಡೆಯಿಂದ ತಲುಪುವ ವಿಧಾನವೂ ಉಂಟು. ಸವೆದ ಡಿಸ್ಕನ್ನು ತೆಗೆದು, ಅಲ್ಲಿ ಆಧಾರವನ್ನಿರಿಸಿ, ಎರಡು ಕಶೇರುಗಳು ಬೆಸೆಯುವಂತೆ ಮಾಡುತ್ತಾರೆ. ಬೆನ್ನಿನ ಸ್ನಾಯುಗಳಿಗೆ ಪೆಟ್ಟಾಗದಿರುವುದು ಇದರ ಲಾಭ. ಆದರೆ ಟೊಂಕದ ನಾಲ್ಕನೆಯ ಕಶೇರುವಿನ ಎದುರಿಗೇ ಮಹಾಧಮನಿಯು ಎರಡಾಗಿ ಕವಲೊಡೆಯುತ್ತದೆ. ದೊಡ್ಡ ಸಿರೆಗಳು, ಮೂತ್ರನಾಳ, ಸೂಕ್ಷ್ಮ ನರಗಳ ಸರಪಳಿ ಎಲ್ಲವೂ ಅಲ್ಲೇ ಸಮೀಪದಲ್ಲಿವೆ. ಇವುಗಳನ್ನು ಪಕ್ಕಕ್ಕೆ ಸರಿಸುವಾಗ ವಿರಳವಾಗಿ ಘಾಸಿಯಾಗುವುದುಂಟು. ಪುರುಷರಲ್ಲಿ ವೀರ್ಯವು ಹೊರಬಾರದೆ ಮೂತ್ರಾಶಯಕ್ಕೆ ಹಿಂದಿರುಗುವ ತೊಂದರೆಯೂ ಅಪರೂಪಕ್ಕೆ ಕಾಣಿಸುತ್ತದೆ. ಸಂತಾನಾಪೇಕ್ಷೆಯುಳ್ಳವರು ಸಂಕೋಚವನ್ನು ಬಿಟ್ಟು, ಶಸ್ತ್ರಚಿಕಿತ್ಸೆಗೆ ಮೊದಲೇ ಈ ವಿಷಯವನ್ನು ವೈದ್ಯರಲ್ಲಿ ವಿಚಾರಿಸಬೇಕು.

ನಮ್ಮ ರೋಗಿಯ ಎರಡೂ ಪಾದಗಳಲ್ಲಿ ನಾಡಿ ಚೆನ್ನಾಗಿ ಬಡಿಯುತ್ತಿತ್ತು, ಬಾವು ಇರಲಿಲ್ಲ. ಬಲಗಾಲು ಸಹಜವಾಗಿಯೇ ಇತ್ತು, ಬಿಸಿಯೇರಿದ್ದುದು ಎಡಗಾಲು! ಎಡಗಡೆಯ ನರಸರಪಳಿಗೆ ಪೆಟ್ಟಾದರೆ ಆ ಕಾಲಿನ ರಕ್ತನಾಳಗಳು ಹಿಗ್ಗಿ, ಚರ್ಮ ಬೆಚ್ಚಗಾಗಿ ಒಣಗುತ್ತದೆ. ಆಗ ಆರೋಗ್ಯವಂತ ಕಾಲೇ ತಣ್ಣಗಿದೆಯೆಂಬ ಭ್ರಮೆ ಹುಟ್ಟುತ್ತದೆ. ಅವರನ್ನು ಶಸ್ತ್ರವೈದ್ಯರ ಬಳಿಗೆ ಮರಳಿ ಕಳುಹಿಸಿದೆವು. ಅವರೂ ಅದನ್ನೇ ಹೇಳಿದರು. ತಿಂಗಳುಗಳು ಕಳೆದಂತೆ ವ್ಯತ್ಯಾಸ ತಾನಾಗಿಯೇ ಕುಗ್ಗಿತು.

ಆದರೆ ಎಲ್ಲ ಕಾಲುಗಳ ಕಥೆ ಹೀಗೆ ಸುಖಾಂತವಲ್ಲ. ಕಾಲು ನಿಜವಾಗಿಯೂ ತಣ್ಣಗಾಗಿ, ಬಿಳಿಚಿ, ನೋಯುತ್ತ, ನಾಡಿ ಸಿಗದಿದ್ದರೆ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಕೆಲವೇ ತಾಸುಗಳಲ್ಲಿ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಒಂದೇ ಕಾಲು ಬಾತು, ಮೀನಖಂಡ ನೋಯುತ್ತಿದ್ದರೆ ಸಿರೆಯಲ್ಲಿ ಹೆಪ್ಪುಗಟ್ಟಿರುವ ಶಂಕೆಯುಂಟು. ಅಂಥ ಕಾಲನ್ನು ತಿಕ್ಕಿದರೆ ಹೆಪ್ಪು ಕಳಚಿ ಪುಪ್ಪುಸಕ್ಕೆ ಸೇರಿ ಪ್ರಾಣವನ್ನೇ ತೆಗೆಯಬಹುದು. ಎದೆನೋವು, ಏದುಸಿರು ಕಂಡೊಡನೆ 108ಕ್ಕೆ ಕರೆಮಾಡಿರಿ.

ಅಭ್ಯಂಗವು ನಮ್ಮ ಶಾಸ್ತ್ರದ ಶ್ರೇಷ್ಠ ಉಪಚಾರ. ಆದರೂ ಕಫಪೀಡಿತರಿಗೆ, ಅಜೀರ್ಣವುಳ್ಳವರಿಗೆ, ಆಗತಾನೆ ಶೋಧನೆ ಮುಗಿಸಿದವರಿಗೆ ಅದು ವರ್ಜ್ಯವೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಎಣ್ಣೆಗೂ ಕಾಲ, ಪಾತ್ರಗಳ ವಿವೇಕ ಬೇಕೆಂಬುದೇ ಇದರ ತಾತ್ಪರ್ಯ. ಆದ್ದರಿಂದ ಶಸ್ತ್ರಚಿಕಿತ್ಸೆಯಾದವರು ಆಸ್ಪತ್ರೆಯ ಕಾಗದಪತ್ರಗಳನ್ನು ತಪ್ಪದೆ ತರಬೇಕು. ಶಸ್ತ್ರವೈದ್ಯರ ಒಪ್ಪಿಗೆಯಿಲ್ಲದೆ ಮನೆಯಲ್ಲಾಗಲಿ, ನಮ್ಮಂಥವರ ಬಳಿಯಲ್ಲಾಗಲಿ ಕಾಲು ತಿಕ್ಕಿಸಿಕೊಳ್ಳಬಾರದು. ಅಂದು ಹೊಲಿಗೆಯನ್ನು ನೋಡದೆ ತೈಲ ಹಚ್ಚಿದ್ದರೆ ಏನಾಗುತ್ತಿತ್ತೋ ಎಂದು ನಾವು ಇಂದಿಗೂ ಯೋಚಿಸುತ್ತೇವೆ.